ರಾಜನಿದ್ದ ದೇಶದಲ್ಲಿ ಸ್ವಾತಂತ್ರ್ಯವಿಲ್ಲವೆ?

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಜಗತ್ತಿನ ಸರ್ಕಾರಗಳ ಬಗ್ಗೆ ಪಾಠ ಮಾಡುತ್ತಿದ್ದೇನೆ. ರಾಜಪ್ರಭುತ್ವಗಳನ್ನು ಒಂದು ಪಟ್ಟಿಗೆ, ಗಣರಾಜ್ಯಗಳನ್ನು ಇನ್ನೊಂದು ಪಟ್ಟಿಗೆ ಹಾಕಿ, ಮೊದಲನೆಯದರಲ್ಲಿ ಸ್ವಾತಂತ್ರ್ಯವಿಲ್ಲ, ಎರಡನೆಯದರಲ್ಲಿ ಇದೆ ಎಂದು ವಿವರಿಸಿದರೆ ಸಾಕಲ್ಲವೆ?

ಉತ್ತರ: ಸಾಲದು. ಇದೇ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕವನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಆದರೂ ಅದು ವೇಷ ಬದಲಿಸಿಕೊಂಡು ಮರಳಿ ಬರುತ್ತಲೇ ಇರುವುದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ದೇಶದ ಮುಖ್ಯಸ್ಥನ ಸ್ಥಾನಕ್ಕೆ ಒಬ್ಬರು ಹುಟ್ಟಿನಿಂದ ಬಂದರೋ ಆಯ್ಕೆಯಿಂದ ಬಂದರೋ ಎಂಬುದು ಒಂದು ಪ್ರಶ್ನೆ. ಅಧಿಕಾರದಲ್ಲಿರುವವರನ್ನು ಜನ ಟೀಕಿಸಬಹುದೆ, ನ್ಯಾಯಾಲಯ ತಡೆಯಬಹುದೆ, ಮತ ಹಾಕಿ ಕೆಳಗಿಳಿಸಬಹುದೆ ಎಂಬುದು ಬೇರೆಯೇ ಪ್ರಶ್ನೆ. ರಾಜಪ್ರಭುತ್ವ, ಗಣರಾಜ್ಯ ಎಂಬ ಪದಗಳು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತವೆ. ಸ್ವೀಡನ್ನಿನಲ್ಲಿ ಇಂದಿಗೂ ರಾಜನಿದ್ದಾನೆ. ಆದರೆ 1975ರಲ್ಲಿ ಅಲ್ಲಿ ಹೊಸ ಸಂವಿಧಾನ ಜಾರಿಗೆ ಬಂದ ಮೇಲೆ ಪ್ರಧಾನಿಯ ಹೆಸರನ್ನು ಸೂಚಿಸುವ ಕೆಲಸ ಸಂಸತ್ತಿನ ಸ್ಪೀಕರ್ ಅವರದಾಗಿದೆ. ಜಪಾನಿನ 1947ರ ಸಂವಿಧಾನವಂತೂ ಸರ್ಕಾರಕ್ಕೆ ಸಂಬಂಧಿಸಿದ ಯಾವ ಅಧಿಕಾರವೂ ಚಕ್ರವರ್ತಿಗಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ರಾಜನೇ ನಿಜವಾಗಿ ಆಳುವ ಸೌದಿ ಅರೇಬಿಯ, ಬ್ರುನೈಗಳೂ ಇವೆ, ಒಪ್ಪುತ್ತೇನೆ. ಆದರೆ ಒಂದೇ ಪಟ್ಟಿಯಲ್ಲಿ ಸ್ವೀಡನ್ನೂ ಸೌದಿಯೂ ಅಕ್ಕಪಕ್ಕ ಕುಳಿತ ಮೇಲೆ ಆ ಪಟ್ಟಿಯಿಂದ ಮಕ್ಕಳು ಕಲಿಯುವುದೇನು?

ಇನ್ನು ಎರಡನೆಯ ಪಟ್ಟಿ. ಉತ್ತರ ಕೊರಿಯಾದ ಅಧಿಕೃತ ಹೆಸರಿನಲ್ಲಿ 'ಪ್ರಜಾಸತ್ತಾತ್ಮಕ', 'ಜನತಾ', 'ಗಣರಾಜ್ಯ' ಮೂರೂ ಇವೆ. 1949ರಿಂದ 1990ರವರೆಗಿದ್ದ ಪೂರ್ವ ಜರ್ಮನಿಯೂ ತನ್ನನ್ನು ಪ್ರಜಾಸತ್ತಾತ್ಮಕ ಗಣರಾಜ್ಯವೆಂದೇ ಕರೆದುಕೊಂಡಿತ್ತು; ತನ್ನ ಪ್ರಜೆಗಳು ಓಡಿಹೋಗದಂತೆ 1961ರಲ್ಲಿ ಬರ್ಲಿನ್ನಿನ ನಡುವೆ ಗೋಡೆ ಎಬ್ಬಿಸಿದ್ದೂ ಅದೇ. ಚುನಾವಣೆ ನಡೆಯುತ್ತದಲ್ಲ ಎಂದು ಕೇಳುವವರಿಗೆ 2002ರ ಇರಾಕಿನ ಜನಮತಗಣನೆಯನ್ನು ನೆನಪಿಸುತ್ತೇನೆ: ಸದ್ದಾಂ ಹುಸೇನ್ ಅವರಿಗೆ ಶೇ 100ರಷ್ಟು ಮತ ಬಿತ್ತೆಂದು ಸರ್ಕಾರವೇ ಘೋಷಿಸಿತು. ನನಗೆ ಎಲ್ಲಕ್ಕಿಂತ ಪ್ರಿಯವಾದ ಉದಾಹರಣೆ ಇವುಗಳಷ್ಟು ಭಯಂಕರವಲ್ಲದ ಸ್ವಿಟ್ಜರ್ಲೆಂಡಿನದು. ಯಾವ ಪಟ್ಟಿಯಲ್ಲಾದರೂ ಒಳ್ಳೆಯ ಗಣರಾಜ್ಯವೆನಿಸಿಕೊಳ್ಳುವ ಆ ದೇಶ ರಾಷ್ಟ್ರೀಯ ಚುನಾವಣೆಗಳಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟದ್ದು 1971ರಲ್ಲಿ. ರಾಜನಿದ್ದ ಡೆನ್ಮಾರ್ಕ್ ಅದನ್ನು 1915ರಲ್ಲೇ ಕೊಟ್ಟಿತ್ತು.

ಹಾಗಾದರೆ ಸಂವಿಧಾನವನ್ನೇ ಓದಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ನಾನು ತರಗತಿಯಲ್ಲಿ ಬಳಸುವ ಒಂದು ಪುಟ್ಟ ಉಪಾಯವಿದೆ. ದೇಶದ ಹೆಸರನ್ನು ಮುಚ್ಚಿ ಒಂದು ವಿಧಿಯ ಸಾರಾಂಶವನ್ನು ಪರದೆಯ ಮೇಲೆ ತೋರಿಸುತ್ತೇನೆ: ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಮತ್ತು ಮೆರವಣಿಗೆ ನಡೆಸುವ ಸ್ವಾತಂತ್ರ್ಯ ಎಲ್ಲವೂ ಅದರಲ್ಲಿವೆ, ಸಾಲದ್ದಕ್ಕೆ ದುಡಿಯುವ ಜನರಿಗೆ ಮುದ್ರಣಯಂತ್ರ, ಕಾಗದದ ದಾಸ್ತಾನು ಒದಗಿಸುವ ಭರವಸೆಯೂ ಇದೆ. ಪಕ್ಕದಲ್ಲಿ ಇನ್ನೊಂದು ದೇಶದ ಹೆಸರನ್ನೂ ಮುಚ್ಚಿ, ಅದರ ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯದ ಬಗ್ಗೆ ಒಂದು ನೇರ ವಾಕ್ಯವೂ ಇಲ್ಲವೆಂದು ಬರೆದಿರುತ್ತೇನೆ. ಯಾವುದರಲ್ಲಿ ಬದುಕುತ್ತೀರಿ ಎಂದು ಕೇಳಿದರೆ ಚಾಟ್ ಪೆಟ್ಟಿಗೆಯಲ್ಲಿ ಸಾಲುಸಾಲಾಗಿ 'ಮೊದಲನೆಯದು' ಎಂದೇ ಬೀಳುತ್ತದೆ. ಹೆಸರುಗಳನ್ನು ತೆರೆದಾಗ ಮೊದಲನೆಯದು ಸ್ಟಾಲಿನ್ ಕಾಲದ ಸೋವಿಯತ್ ಒಕ್ಕೂಟದ 1936ರ ಸಂವಿಧಾನದ 125ನೇ ವಿಧಿ; ಎರಡನೆಯದು ಆಸ್ಟ್ರೇಲಿಯ. 1937ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಸಾಮೂಹಿಕ ಬಂಧನ ಮತ್ತು ಮರಣದಂಡನೆಗಳು ಉತ್ತುಂಗಕ್ಕೇರಿದವು. ಆಸ್ಟ್ರೇಲಿಯದಲ್ಲಿ ರಾಜಕೀಯ ವಿಚಾರಗಳನ್ನು ಚರ್ಚಿಸುವ ಸ್ವಾತಂತ್ರ್ಯ ಸಂವಿಧಾನದಲ್ಲಿ ಸೂಚ್ಯವಾಗಿ ಇದ್ದೇ ಇದೆಯೆಂದು ಅಲ್ಲಿನ ಉಚ್ಚತಮ ನ್ಯಾಯಾಲಯ 1992ರಲ್ಲಿ ತೀರ್ಪು ಕೊಟ್ಟಿತು. ಆ ಕ್ಷಣದಲ್ಲಿ ಅದುವರೆಗೂ ಮ್ಯೂಟ್‌ನಲ್ಲಿದ್ದ ಮಕ್ಕಳೂ ಮಾತಾಡುತ್ತಾರೆ. ಈ ಪಾಠದ ಬಗ್ಗೆ ನನಗೆ ತುಸು ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ.

ನೀವು ಕೇಳದಿದ್ದರೂ ಇನ್ನೊಂದು ವಿಷಯವನ್ನು ಹೇಳಬೇಕು, ಏಕೆಂದರೆ ಪಟ್ಟಿಯನ್ನು ಬಿಟ್ಟ ಶಿಕ್ಷಕರು ಸಾಮಾನ್ಯವಾಗಿ ಸ್ವಾತಂತ್ರ್ಯದ ಅಂಕಕ್ಕೆ ತಕ್ಕಂತೆ ದೇಶಗಳಿಗೆ ಬಣ್ಣ ಹಚ್ಚಿದ ನಕ್ಷೆಗೆ ಜೋತುಬೀಳುತ್ತಾರೆ. ದೇಶಗಳಿಗೆ ಅಂಕ ಕೊಡುವವರು ಯಾರು? ಅಮೆರಿಕದ ಫ್ರೀಡಂ ಹೌಸ್ ಸಂಸ್ಥೆ 25 ಪ್ರಶ್ನೆಗಳಿಗೆ ತಲಾ 4ರವರೆಗೆ ಅಂಕ ಕೊಟ್ಟು, ರಾಜಕೀಯ ಹಕ್ಕುಗಳಿಗೆ 40, ನಾಗರಿಕ ಸ್ವಾತಂತ್ರ್ಯಗಳಿಗೆ 60 ಎಂದು ಹಂಚಿ, 100ಕ್ಕೆ ಲೆಕ್ಕ ಹಾಕುತ್ತದೆ. ಅದರ ಆದಾಯದ ದೊಡ್ಡ ಪಾಲು ಬಹುಕಾಲ ಅಮೆರಿಕ ಸರ್ಕಾರದ ಅನುದಾನದಿಂದಲೇ ಬರುತ್ತಿತ್ತು ಎಂಬುದನ್ನೂ ಮಕ್ಕಳಿಗೆ ಹೇಳಿ. ಅಂಕ ಸುಳ್ಳೆಂದು ಸಾಧಿಸಲು ಅಲ್ಲ. ಅಂಕ ಕೊಟ್ಟವರನ್ನೂ ಪ್ರಶ್ನಿಸುವ ಅಭ್ಯಾಸ ಅವರಿಗೆ ಬರಲೆಂದು. ಒಂದು ದೇಶದ ಒಟ್ಟು ಅಂಕವನ್ನು ಮುಚ್ಚಿಟ್ಟು, ನಾಲ್ಕೈದು ಪ್ರಶ್ನೆಗಳಿಗೆ ಅವರಿಂದಲೇ ಅಂಕ ಹಾಕಿಸಿ, ಆಮೇಲೆ ಸಂಸ್ಥೆಯ ಅಂಕವನ್ನು ತೆರೆದು ತೋರಿಸಿ. ಇದಕ್ಕೆ ಎರಡು ಅವಧಿಗಳಾದರೂ ಬೇಕು. ಗೈರುಹಾಜರಾದ ಮಕ್ಕಳಿಗೆ ಪ್ರಶ್ನೆಗಳನ್ನು ಕಳುಹಿಸಿ, ನಕ್ಷೆಯೊಂದನ್ನೇ ಕಳುಹಿಸಬೇಡಿ.