ಬಾತ್ ಊರಿನ ಮೂರು ನೀರು: ನಡೆದು ನೋಡಿದ ಮೇಲಿನ ಟಿಪ್ಪಣಿ

ಇಂಗ್ಲೆಂಡಿನ ಬಾತ್‌ಗೆ ಹೋಗಿಬಂದು ಎರಡೇ ದಿನವಾಗಿದೆ. ಬಿಸಿನೀರಿನ ಬುಗ್ಗೆಯ ಪಾಠದಲ್ಲಿ ನನಗೆ ಒಂದು ಹೆಜ್ಜೆ ಎಷ್ಟು ಓದಿದರೂ ತಲೆಗೆ ಹತ್ತಿರಲಿಲ್ಲ. ಅಲ್ಲಿ ಅರ್ಧ ದಿನ ನಡೆದ ಮೇಲೆ ಹತ್ತಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ರೋಮನ್ನರ ಇತಿಹಾಸ, ಜಾರ್ಜ್ ದೊರೆಗಳ ಕಾಲದ ಕಟ್ಟಡಗಳ ಶೈಲಿ ಇವೆಲ್ಲ ಎಲ್ಲ ಪುಸ್ತಕಗಳಲ್ಲಿಯೂ ಸಿಗುತ್ತವೆ, ಅವುಗಳಿಗೆ ಕೈಹಾಕುವುದಿಲ್ಲ.

ನಡೆಯುವ ಕ್ರಮ

ಊರಿನಲ್ಲಿ ಮೂರು ಬಗೆಯ ನೀರಿದೆ: ಏವನ್ ನದಿ, ಕೆನೆಟ್ ಮತ್ತು ಏವನ್ ಕಾಲುವೆ, ನೆಲದೊಳಗಿನಿಂದ ಬರುವ ಬಿಸಿನೀರು. ಬಂದವರೆಲ್ಲ ಮೊದಲು ರೋಮನ್ ಸ್ನಾನಗೃಹಕ್ಕೇ ನುಗ್ಗುತ್ತಾರೆ. ನನ್ನ ಸಲಹೆ ಕೇಳಿದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ನೀರಿನ ಮಟ್ಟ ಎಂಬ ಮಾತು ಮೊದಲು ಕಣ್ಣಿಗೆ ಕಾಣಬೇಕು, ಅದನ್ನು ಕಾಲುವೆ ಕಲಿಸುತ್ತದೆ.

ರೈಲು ನಿಲ್ದಾಣದ ಹಿಂಬದಿಯ ಕಾಲುಸೇತುವೆಯಲ್ಲಿ ನದಿ ದಾಟಿದರೆ ವಿಡ್‌ಕೊಂಬ್. ಕಾಲುವೆ ನದಿಯನ್ನು ಕೂಡುವುದು ಅಲ್ಲಿಯೇ. ಅಲ್ಲಿಂದ ಕಾಲುವೆ ಲಾಕ್‌ಗಳ ಮೂಲಕ ಗುಡ್ಡ ಏರುತ್ತದೆ. ಲಾಕ್ ಎಂದರೆ ಎರಡು ತುದಿಗೂ ಬಾಗಿಲಿರುವ ನೀರಿನ ತೊಟ್ಟಿ. ದೋಣಿಯನ್ನು ಒಳಗೆ ಬಿಟ್ಟು, ಕೆಳಗಿನ ಬಾಗಿಲು ಮುಚ್ಚಿ, ಮೇಲಿನಿಂದ ನೀರು ತುಂಬಿಸಿದರೆ ದೋಣಿ ತಾನಾಗಿ ಮೇಲೇರುತ್ತದೆ.

ಇಲ್ಲಿ ನಾನೊಂದು ಪೆದ್ದುತನ ಮಾಡಿದೆ. ಲಾಕ್‌ಗಳ ಸಂಖ್ಯೆ 7ರಿಂದ 13ರವರೆಗೆ ಇದೆ ಎಂದು ಓದಿಕೊಂಡು ಹೋಗಿದ್ದೆ, ಅಂದರೆ ಏಳು. ಮೇಲೆ ಮುಟ್ಟಿದಾಗ ಎಣಿಕೆಗೆ ಸಿಕ್ಕಿದ್ದು ಆರೇ. ಒಂದನ್ನು ನೋಡದೆ ದಾಟಿಬಂದೆನೆಂದು ಹಿಂದಕ್ಕೆ ಇಳಿದು ಮತ್ತೆ ಎಣಿಸಿದೆ, ಆಗಲೂ ಆರೇ. ಆಮೇಲೆ ತಿಳಿಯಿತು: 1976ರಲ್ಲಿ 8 ಮತ್ತು 9ನ್ನು ಸೇರಿಸಿ ಒಂದೇ ಆಳವಾದ ಲಾಕ್ ಮಾಡಿದ್ದಾರೆ. ಅದರ ಆಳ 19 ಅಡಿಗೂ ಹೆಚ್ಚು. ಖಾಲಿ ಇರುವಾಗ ಅಂಚಿನಿಂದ ಬಗ್ಗಿ ನೋಡಿದರೆ ನಮ್ಮೂರಿನ ತೆರೆದ ಬಾವಿಯ ನೆನಪಾಗುತ್ತದೆ. ಪಾಚಿ ಹಿಡಿದ ಗೋಡೆ, ಕಲ್ಲಿನ ಸಂದಿನಿಂದ ಜಿನುಗುವ ನೀರು, ತಳದಲ್ಲಿ ಕಪ್ಪು ಕನ್ನಡಿ.

ಪ್ರತಿ ಬಾರಿ ಬಾಗಿಲು ತೆರೆದಾಗಲೂ ಒಂದು ತೊಟ್ಟಿಯಷ್ಟು ನೀರು ಕೆಳಗೆ ಹೋಗಿಬಿಡುತ್ತದೆ. ಹಾಗಾದರೆ ಮೇಲಿನ ಕಾಲುವೆ ಬರಿದಾಗುವುದಿಲ್ಲವೇ? ಕಾಲುವೆ ಹಿಡಿದು ಕೆಲವು ಕಿಲೋಮೀಟರ್ ಮುಂದೆ ಹೋದರೆ ಸಿಗುವ ಕ್ಲಾವರ್ಟನ್‌ನಲ್ಲಿ ಉತ್ತರವಿದೆ. ಕಾಲುವೆಯ ಎಂಜಿನಿಯರ್ ಜಾನ್ ರೆನಿ ಅಲ್ಲೊಂದು ಪಂಪ್ ಕಟ್ಟಿಸಿದ. 1952ರವರೆಗೂ ಏವನ್ ನದಿಯ ಹರಿವು ನೀರುಚಕ್ರವನ್ನು ತಿರುಗಿಸುತ್ತಿತ್ತು, ಚಕ್ರವು ಅದೇ ನದಿಯ ಸ್ವಲ್ಪ ನೀರನ್ನು 48 ಅಡಿ ಎತ್ತರದ ಕಾಲುವೆಗೆ ಎತ್ತುತ್ತಿತ್ತು. 1813ರಲ್ಲಿ ಕೆಲಸ ಆರಂಭಿಸಿದ ಯಂತ್ರ. ಬೆಂಕಿ ಇಲ್ಲ, ಕಲ್ಲಿದ್ದಲು ಇಲ್ಲ. ಹೆಚ್ಚು ನೀರು ಸ್ವಲ್ಪ ಕೆಳಗಿಳಿದು, ಸ್ವಲ್ಪ ನೀರನ್ನು ಹೆಚ್ಚು ಮೇಲೆ ಕಳಿಸುವ ಲೆಕ್ಕ. ಇದನ್ನು ನೆನಪಿಟ್ಟುಕೊಳ್ಳಿ, ಬುಗ್ಗೆಯ ಪಾಠದಲ್ಲಿ ಬೇಕಾಗುತ್ತದೆ: ನೀರು ಮೇಲೇರಬೇಕಾದರೆ ಎಲ್ಲೋ ಒಂದು ಕಡೆ ನೀರು ಕೆಳಗಿಳಿದಿರಲೇಬೇಕು.

ಕಾಲುವೆಯ ಹಾದಿಯಲ್ಲಿಯೇ ಸಿಡ್ನಿ ಗಾರ್ಡನ್ಸ್ ಸಿಗುತ್ತದೆ. ಅಲ್ಲಿನ ಎರಡು ಬೀಡುಕಬ್ಬಿಣದ ಸೇತುವೆಗಳ ಮೇಲೆ 1800 ಎಂದು ಅಚ್ಚೊತ್ತಿದೆ. ಅಲ್ಲಿಂದ ಗ್ರೇಟ್ ಪುಲ್ಟೆನಿ ಬೀದಿ ಹಿಡಿದು ನೇರ ನದಿಗೆ. ಅಲ್ಲಿನ ಪುಲ್ಟೆನಿ ಸೇತುವೆಯ ಎರಡೂ ಬದಿಗೆ ಅಂಗಡಿಗಳಿರುವುದರಿಂದ ನದಿ ದಾಟುತ್ತಿದ್ದೇವೆಂಬುದೇ ತಿಳಿಯುವುದಿಲ್ಲ. ಕೆಳಗೆ ಲಾಳದ ಆಕಾರದಲ್ಲಿ ಮೆಟ್ಟಿಲುಮೆಟ್ಟಿಲಾಗಿ ನೀರು ಬೀಳುವ ಅಣೆ. ಹಳೆಯದೆಂದು ಎಲ್ಲರೂ ಫೋಟೊ ತೆಗೆಯುತ್ತಾರೆ; ಈಗಿನ ರೂಪ ಪ್ರವಾಹ ತಡೆಯುವ ಕಾಮಗಾರಿಯಲ್ಲಿ 1970ರ ದಶಕದ ಆರಂಭಕ್ಕೆ ಬಂದದ್ದು.

ನಾನು ಎಡವಿದ ಹೆಜ್ಜೆ

ಈಗ ಬಿಸಿನೀರು. ಪುಸ್ತಕದಲ್ಲಿ ಇಷ್ಟೇ ಇತ್ತು: ನೈರುತ್ಯಕ್ಕಿರುವ ಮೆಂಡಿಪ್ ಗುಡ್ಡಗಳ ಮೇಲೆ ಬಿದ್ದ ಮಳೆ ಸುಣ್ಣಕಲ್ಲಿನ ಸ್ತರದಲ್ಲಿ ಇಂಗಿ, 2.7ರಿಂದ 4.3 ಕಿಲೋಮೀಟರ್ ಆಳಕ್ಕೆ ಇಳಿದು, ಬಿಸಿಯಾಗಿ, ಬಾತ್‌ನಲ್ಲಿ ಬಿರುಕುಗಳ ಮೂಲಕ ಮೇಲೇರುತ್ತದೆ. ಓದುವಾಗ ಸಲೀಸು. ಆದರೆ ಅಷ್ಟು ಆಳದಿಂದ ಮೇಲೆತ್ತುವವರು ಯಾರು?

ನನ್ನ ತಲೆಯಲ್ಲಿದ್ದ ಚಿತ್ರ ಉಕ್ಕುವ ಹಾಲಿನದು. ನೀರು ಕಾಯುತ್ತದೆ, ಕುದಿಯುತ್ತದೆ, ಉಕ್ಕಿ ಹೊರಗೆ ಬರುತ್ತದೆ ಎಂದುಕೊಂಡಿದ್ದೆ. ರೋಮನ್ ಸ್ನಾನಗೃಹದಲ್ಲಿ ಕಿಂಗ್ಸ್ ಬುಗ್ಗೆಯ ಮೇಲಿರುವ ಕಿಂಗ್ಸ್ ಬಾತ್ ಕೊಳದ ಎದುರು ನಿಂತಾಗ ಗುಳುಗುಳು ಗುಳ್ಳೆ ಏಳುತ್ತಿದ್ದುದನ್ನು ಕಂಡು ‘ನೋಡು, ಕುದಿಯುತ್ತಿದೆ’ ಎಂದು ಖುಷಿಯನ್ನೂ ಪಟ್ಟೆ. ಪಕ್ಕದ ಫಲಕದಲ್ಲಿ ಉಷ್ಣತೆ 46 ಡಿಗ್ರಿ ಸೆಲ್ಸಿಯಸ್ ಎಂದಿತ್ತು. 46ಕ್ಕೆ ನೀರು ಎಲ್ಲಿ ಕುದಿಯುತ್ತದೆ! ಆ ಗುಳ್ಳೆಗಳು ಕರಗಿದ್ದ ಅನಿಲ ಹೊರಬರುವುದರಿಂದ ಏಳುವವು, ಅದರಲ್ಲಿ ಬಹುಪಾಲು ನೈಟ್ರೋಜನ್. ಸೋಡಾ ಬಾಟಲಿಯ ಗುಳ್ಳೆಯಂತೆ.

ಸರಿಯಾದ ಚಿತ್ರ ಗಾರೆ ಕೆಲಸದವರ ಕೈಯಲ್ಲಿದೆ. ಮನೆ ಕಟ್ಟುವಾಗ ಮಟ್ಟ ನೋಡಲು ಅವರು ನೀರು ತುಂಬಿದ ಪಾರದರ್ಶಕ ಟ್ಯೂಬ್ ಹಿಡಿದು ಓಡಾಡುತ್ತಾರಲ್ಲ, ಅದು. ಎರಡು ತುದಿಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ನಡುವಿನ ಟ್ಯೂಬ್ ನೆಲದ ಮೇಲೆ ಬಿದ್ದಿದ್ದರೂ, ಅಡಿಪಾಯದ ಗುಂಡಿಗೆ ಇಳಿದಿದ್ದರೂ ವ್ಯತ್ಯಾಸವಿಲ್ಲ. ಈಗ ಒಂದು ತುದಿಯನ್ನು ತಗ್ಗಿಸಿ: ಅಲ್ಲಿಂದ ನೀರು ಚೆಲ್ಲುತ್ತದೆ. ಎತ್ತಿ ಹಿಡಿದ ತುದಿ ಮೆಂಡಿಪ್, ಅದರ ಅತಿ ಎತ್ತರದ ಜಾಗ ಸುಮಾರು 325 ಮೀಟರ್. ತಗ್ಗಿಸಿದ ತುದಿ ಏವನ್ ಕಣಿವೆಯ ತಳದಲ್ಲಿರುವ ಬಾತ್. ನಡುವಿನ ಟ್ಯೂಬ್ ಬೋಗುಣಿಯಂತೆ ಬಾಗಿರುವ ಸುಣ್ಣಕಲ್ಲಿನ ಸ್ತರ. ಟ್ಯೂಬಿನ ಗೋಡೆ ಅದರ ಮೇಲೆ ಮುಚ್ಚಳದಂತೆ ಕೂತಿರುವ, ನೀರು ಬಿಡದ ಜೇಡಿಯ ಸ್ತರಗಳು.

ಹಾಗಾದರೆ ಶಾಖದ ಕೆಲಸವೇನು? ಟ್ಯೂಬ್ ಬಚ್ಚಲೊಲೆಯ ಪಕ್ಕದಲ್ಲಿ ಹಾದುಹೋಗಿದೆ, ಅಷ್ಟೇ. ಬಿಸಿನೀರು ಹಗುರವಾದ್ದರಿಂದ ಏರುವುದಕ್ಕೆ ತುಸು ನೆರವಾಗುತ್ತದೆ, ಆದರೆ ತಳ್ಳುವುದು ಗುಡ್ಡದ ಮೇಲಿನ ತಣ್ಣೀರಿನ ಭಾರ. ಇಲ್ಲಿ ಜ್ವಾಲಾಮುಖಿ ಇಲ್ಲ. ಪರೀಕ್ಷೆಯಲ್ಲಿ ಜ್ವಾಲಾಮುಖಿ ಎಂದು ಬರೆದು ಅಂಕ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ನನ್ನ ಅಡ್ಡದಾರಿ: ಹತ್ತು ಮತ್ತು ಇಪ್ಪತ್ತು

ಆಳದ ಲೆಕ್ಕಕ್ಕೆ ಹೀಗೆ ಮಾಡುತ್ತೇನೆ. ಮಳೆನೀರು 10 ಡಿಗ್ರಿಯಲ್ಲಿ ಹೊರಡುತ್ತದೆ. ಭೂಮಿ ಆಳಕ್ಕಿಳಿದಷ್ಟೂ ಬಿಸಿ, ಆದ್ದರಿಂದ ಕಿಲೋಮೀಟರಿಗೆ ಸುಮಾರು 20 ಡಿಗ್ರಿ ಕೂಡುತ್ತಾ ಹೋಗಿ. 2.7 ಕಿಲೋಮೀಟರಿಗೆ 10 + 54 = 64. 4.3ಕ್ಕೆ 10 + 86 = 96. ಆಳದಲ್ಲಿ ನೀರು 64ರಿಂದ 96 ಡಿಗ್ರಿ ಎಂದು ಕೊಡುವ ಸಂಖ್ಯೆಗಳು ಹೀಗೆ ಹೊಂದಿಕೊಳ್ಳುತ್ತವೆ.

ನಾನು ಮೊದಲು ಮಾಡಿದ್ದು ತಲೆಕೆಳಗಾದ ಲೆಕ್ಕ. ಬುಗ್ಗೆಯ 46ರಿಂದ 10 ಕಳೆದು, 20ರಿಂದ ಭಾಗಿಸಿ, 1.8 ಕಿಲೋಮೀಟರ್ ಎಂದು ಬರೆದೆ. ತಪ್ಪು, ಏಕೆಂದರೆ ಮೇಲೆ ಬರುವ ದಾರಿಯಲ್ಲಿ ನೀರು ತಣಿಯುತ್ತದೆ. 1.8 ಎಂಬುದು ಕನಿಷ್ಠ ಮಿತಿ ಮಾತ್ರ. ಆಳದ ಶಾಖವನ್ನು ಹೇಳುವುದು ನೀರಿನಲ್ಲಿ ಕರಗಿರುವ ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ. ಬಿಸಿ ಹೆಚ್ಚಿದಷ್ಟೂ ಸಿಲಿಕಾ ಹೆಚ್ಚು ಕರಗುತ್ತದೆ, ಮೇಲೇರಿ ತಣಿದಾಗ ಅದು ಅವಸರದಲ್ಲಿ ಬೇರ್ಪಡುವುದಿಲ್ಲ. ತಣ್ಣಗಾದ ಕಷಾಯದ ಬಣ್ಣ ನೋಡಿ ಎಷ್ಟು ಕುದಿಸಿದ್ದಾರೆಂದು ಅಜ್ಜಿ ಹೇಳುತ್ತಿದ್ದಳಲ್ಲ, ಹಾಗೆ.

ಉಳಿದದ್ದು, ಬೇಗಬೇಗನೆ

ಕಿಂಗ್ಸ್ ಬುಗ್ಗೆಯಿಂದ ದಿನಕ್ಕೆ ಸುಮಾರು 11.7 ಲಕ್ಷ ಲೀಟರ್ ನೀರು. 86,400 ಸೆಕೆಂಡುಗಳಿಂದ ಭಾಗಿಸಿದರೆ ಸೆಕೆಂಡಿಗೆ 13.5 ಲೀಟರ್, ಹೆಚ್ಚುಕಡಿಮೆ ಒಂದು ಬಕೆಟ್. ದೊಡ್ಡ ಸ್ನಾನಕೊಳದ ತಳಕ್ಕೆ ರೋಮನ್ನರು ಹಾಸಿದ 45 ಸೀಸದ ಹಾಳೆಗಳು ಇನ್ನೂ ಇವೆ. ನೀರಿನ ಹಸಿರು ಖನಿಜದ್ದಲ್ಲ, ಚಾವಣಿ ಹೋಗಿ ಬಿಸಿಲು ಬಿದ್ದು ಬೆಳೆದ ಪಾಚಿಯದು. ಖನಿಜದ ಬಣ್ಣ ನೋಡಬೇಕಾದರೆ ಹೆಚ್ಚುವರಿ ನೀರು ಹೊರಬೀಳುವ ಜಾಗಕ್ಕೆ ಹೋಗಿ: ಕಬ್ಬಿಣದಂಶದಿಂದ ಕಲ್ಲೆಲ್ಲ ಕಿತ್ತಳೆ, ಮೇಲೆ ಹಬೆ. ಆ ನೀರು ರೋಮನ್ ಚರಂಡಿಯಲ್ಲಿ ಇಂದಿಗೂ ಏವನ್‌ಗೆ ಹೋಗುತ್ತದೆ.

ರೋಮನ್ ಕಾಲದವರು ಶಾಪ ಕೊರೆದು ಬುಗ್ಗೆಗೆ ಎಸೆದಿದ್ದ ತಗಡುಗಳನ್ನು ಮಾತ್ರ ತಪ್ಪಿಸಬೇಡಿ, ಸುಮಾರು 130 ಸಿಕ್ಕಿವೆ. ದೋಕಿಮೇದಿಸ್ ಎಂಬುವನ ಎರಡು ಕೈಗವಸು ಕಳುವಾಗಿದ್ದವು. ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ದೇವತೆಗೆ ಬರೆದುಕೊಟ್ಟಿದ್ದಾನೆ. ಕಳ್ಳನನ್ನು ದೈವಕ್ಕೆ ಒಪ್ಪಿಸುವುದು ನಮ್ಮ ಪುತ್ತೂರು ಕಡೆಯವರಿಗೆ ಹೊಸತೇನಲ್ಲ. ಬಿಸಿನೀರೂ ಹೊಸತಲ್ಲ: ಇರ್ದೆಯ ಬೆಂದ್ರ್ ತೀರ್ಥದ ಹೆಸರಿನಲ್ಲಿಯೇ ಬಿಸಿನೀರಿದೆ, ತುಳುವಿನಲ್ಲಿ ಬೆಂದ್ರ್ ಎಂದರೆ ಅದೇ.

ರೋಮನ್ ಕೊಳದಲ್ಲಿ ಕೈ ಅದ್ದಬೇಡಿ. 1978ರಲ್ಲಿ ಬಾತ್‌ನ ಬುಗ್ಗೆನೀರಿನ ಈಜುಕೊಳದಲ್ಲಿ ಅಮೀಬಾ ಸೋಂಕು ತಗುಲಿ ಒಬ್ಬ ಬಾಲಕಿ ತೀರಿಕೊಂಡಳು, ಸಾರ್ವಜನಿಕ ಸ್ನಾನ ನಿಂತಿತು. ಆಮೇಲೆ ಕೊಳವೆಬಾವಿ ಕೊರೆದು ಶುದ್ಧ ನೀರು ತಂದರು; 2006ರಲ್ಲಿ ಹೊಸ ಸ್ನಾನಗೃಹ ತೆರೆಯಿತು. ಕುಡಿಯುವುದಕ್ಕೆ ರೋಮನ್ ಸ್ನಾನಗೃಹಕ್ಕೆ ತಾಗಿಯೇ ಪಂಪ್ ರೂಮ್ ಎಂಬ ಸಭಾಂಗಣ ಇದೆ. ಒಂದು ಲೋಟ ಕುಡಿದೆ: ಉಗುರುಬೆಚ್ಚಗೆ, ಹಳೆಯ ಕಬ್ಬಿಣದ ಕೊಡದಲ್ಲಿ ರಾತ್ರಿಯಿಡೀ ಇಟ್ಟ ನೀರಿನ ರುಚಿ. ಎರಡನೆಯ ಲೋಟ ಕೇಳಲಿಲ್ಲ.