ಮಂಡಿ ಊದಿದ್ದು ಯಾವಾಗ?

ಮಂಡಿಗೆ ಪೆಟ್ಟಾದರೆ ಈಗ ಎಲ್ಲರ ಬಾಯಲ್ಲೂ ಮೊದಲು ಬರುವುದು ಎಂಆರ್‌ಐ. ಸ್ಕ್ಯಾನ್ ಆಗುವ ತನಕ ಏನೂ ಗೊತ್ತಾಗುವುದಿಲ್ಲ, ಆದ ಮೇಲೆ ಎಲ್ಲಾ ಗೊತ್ತಾಗುತ್ತದೆ ಎಂಬ ನಂಬಿಕೆ. ಎರಡೂ ಸರಿಯಲ್ಲ. ಎಷ್ಟೋ ಸಲ ಒಂದೇ ಪ್ರಶ್ನೆಯಿಂದ ಅರ್ಧ ಕೆಲಸ ಮುಗಿಯುತ್ತದೆ: ಪೆಟ್ಟಾದ ಎಷ್ಟು ಹೊತ್ತಿಗೆ ಊದಿತು?

ಆಟಗಾರನೊಬ್ಬ ಪಾದ ನೆಲಕ್ಕೂರಿಕೊಂಡೇ ಗಕ್ಕನೆ ತಿರುಗುತ್ತಾನೆ. ಮಂಡಿಯೊಳಗೆ ಟಪ್ ಎಂದಂತಾಗುತ್ತದೆ. ಒಂದೆರಡು ಗಂಟೆಯಲ್ಲೇ ಮಂಡಿ ಊದಿ ಬಿಗಿದುಕೊಳ್ಳುತ್ತದೆ. ಇಷ್ಟು ಬೇಗ ಊದಿದರೆ ಒಳಗೆ ತುಂಬಿರುವುದು ಬಹುತೇಕ ರಕ್ತವೇ. ಮಂಡಿಯ ನಡುವೆ ಇರುವ ಎಸಿಎಲ್ ಎಂಬ ಲಿಗಮೆಂಟಿನಲ್ಲಿ, ಅಂದರೆ ಮೂಳೆಗಳನ್ನು ಬಿಗಿಹಿಡಿಯುವ ಗಟ್ಟಿ ಪಟ್ಟಿಯಲ್ಲಿ, ರಕ್ತನಾಳಗಳಿವೆ. ಅದು ಹರಿದರೆ ಕೀಲಿನ ಚೀಲದೊಳಗೇ ರಕ್ತ ಸುರಿಯುತ್ತದೆ. ಮೂಳೆ ಮುರಿದಾಗಲೂ, ಮಂಡಿಚಿಪ್ಪು ಜಾರಿದಾಗಲೂ ಹೀಗೇ ಆಗಬಹುದು.

ಅದೇ ಮಂಡಿ ಮರುದಿನ ಬೆಳಿಗ್ಗೆ ನಿಧಾನಕ್ಕೆ ಊದಿದ್ದರೆ ಅನುಮಾನ ಮೆನಿಸ್ಕಸ್ ಕಡೆ ಹೋಗುತ್ತದೆ. ಇದು ತೊಡೆಮೂಳೆಗೂ ಕಾಲುಮೂಳೆಗೂ ನಡುವೆ ಕೂತ ಅರ್ಧಚಂದ್ರಾಕಾರದ ಮೆತ್ತೆ. ಇದರ ಹೊರ ಅಂಚಿಗೆ ಮಾತ್ರ ರಕ್ತ ಬರುತ್ತದೆ. ಒಳಭಾಗ ಬದುಕುವುದು ಕೀಲಿನ ದ್ರವದಿಂದ. ಹಾಗಾಗಿ ಒಳಭಾಗ ಹರಿದರೆ ರಕ್ತ ಸೋರುವುದಿಲ್ಲ, ಕೆರಳಿದ ಕೀಲಿನ ಒಳಪೊರೆ ಗಂಟೆಗಟ್ಟಲೆ ದ್ರವ ಒಸರುತ್ತಾ ಹೋಗುತ್ತದೆ. ನನಗೆ ತುಂಬಾ ಇಷ್ಟವಾಗುವುದು ಇದರ ಮುಂದಿನ ಭಾಗ. ರಕ್ತ ಎಲ್ಲಿಗೆ ತಲುಪುತ್ತದೆ ಎಂಬುದೇ ಚಿಕಿತ್ಸೆಯ ದಾರಿಯನ್ನೂ ಹೇಳುತ್ತದೆ. ಹೊರ ಅಂಚು ಹರಿದ ಕಡೆ ಹೊಲಿಗೆ ಹಾಕಿದರೆ ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಒಳಭಾಗದ್ದು ಅಷ್ಟು ಸುಲಭವಾಗಿ ಕೂಡುವುದಿಲ್ಲ.

ಪ್ರಶ್ನೆ ಆದ ಮೇಲೆ ಕೈ ಪರೀಕ್ಷೆ. ಹಿಂದೆ ಮಂಡಿಯನ್ನು 90 ಡಿಗ್ರಿ ಮಡಚಿ ಕಾಲನ್ನು ಮುಂದಕ್ಕೆಳೆದು ಎಸಿಎಲ್ ನೋಡುತ್ತಿದ್ದರು. ಆ ಭಂಗಿಯಲ್ಲಿ ತೊಡೆಯ ಹಿಂದಿನ ಸ್ನಾಯು ಬಿಗಿ ಹಿಡಿದು, ಎಸಿಎಲ್ ಹರಿದಿರುವುದನ್ನು ಮುಚ್ಚಿಡುತ್ತಿತ್ತು. ಅಮೆರಿಕದ ಫಿಲಡೆಲ್ಫಿಯಾದ ಮೂಳೆವೈದ್ಯ ಜಾನ್ ಲ್ಯಾಕ್‌ಮನ್ ಮಂಡಿಯನ್ನು ಸುಮಾರು 20–30 ಡಿಗ್ರಿ ಮಾತ್ರ ಮಡಚಿ ಎಳೆದು ನೋಡುವುದನ್ನು ಕಲಿಸಿದರು. ಅವರ ಶಿಷ್ಯ ಜೋಸೆಫ್ ಟಾರ್ಗ್ ಮತ್ತು ಸಂಗಡಿಗರು 1976ರಲ್ಲಿ ಅದನ್ನು ಪ್ರಕಟಿಸಿದರು. ಎಸಿಎಲ್ ಗಟ್ಟಿಯಿದ್ದರೆ ಎಳೆದ ಹಗ್ಗ ತಟ್ಟನೆ ಬಿಗಿಯುವಂತೆ ಕಾಲು ನಿಲ್ಲುತ್ತದೆ. ಹರಿದಿದ್ದರೆ ಆ ತಡೆ ಕೈಗೆ ಸಿಗುವುದೇ ಇಲ್ಲ. ಪಳಗಿದ ಕೈಗೆ ಇದು ಕೆಲವೇ ಕ್ಷಣದ ಕೆಲಸ.

ಹಾಗಾದರೆ ಸ್ಕ್ಯಾನ್ ಬೇಡವೇ? ಬೇಕಾದಾಗ ಬೇಕು. ಆದರೆ ಅದರಲ್ಲಿ ಕಂಡಿದ್ದೆಲ್ಲಾ ನೋವಿನ ಕಾರಣ ಅಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50 ದಾಟಿದ ಸುಮಾರು ಸಾವಿರ ಜನರ ಮಂಡಿಗೆ ಎಂಆರ್‌ಐ ಮಾಡಿದರು. ಮೆನಿಸ್ಕಸ್ ಹರಿದಿದ್ದವರಲ್ಲಿ 61% ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೇ ಇರಲಿಲ್ಲ! 2008ರಲ್ಲಿ ಪ್ರಕಟವಾದ ಫಲಿತಾಂಶ ಇದು. 2013ರಲ್ಲಿ ಫಿನ್‌ಲ್ಯಾಂಡಿನವರು ಇನ್ನೂ ಮುಂದೆ ಹೋದರು. ಸವೆತದಿಂದ ಮೆನಿಸ್ಕಸ್ ಹರಿದ 146 ಜನರಲ್ಲಿ ಕೆಲವರಿಗೆ ಕೀಹೋಲ್ ಸರ್ಜರಿ ಮಾಡಿ ಹರಿದ ತುಣುಕು ತೆಗೆದರು. ಉಳಿದವರಿಗೆ ತೆಗೆದಂತೆ ನಟಿಸಿದರು, ಅಷ್ಟೇ. ವರ್ಷದ ಕೊನೆಗೆ ಎರಡೂ ಗುಂಪಿನವರು ಒಂದೇ ರೀತಿ ಸುಧಾರಿಸಿದ್ದರು. ಮಂಡಿ ಅರ್ಧಕ್ಕೆ ಸಿಕ್ಕಿಕೊಂಡು ನೇರವಾಗದಿದ್ದರೆ ಮಾತು ಬೇರೆ, ಆಗ ಸರ್ಜನ್ ಬೇಗ ನೋಡಬೇಕು. ಸುಮ್ನೆ ರಿಪೋರ್ಟಿನಲ್ಲಿ ‘ಟೇರ್’ (ಹರಿದಿದೆ) ಎಂದು ಬರೆದಿದೆ ಎಂಬ ಒಂದೇ ಕಾರಣಕ್ಕೆ ಆಪರೇಷನ್ ಟೇಬಲ್ ಹತ್ತುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಎಸಿಎಲ್ ಹರಿದರೂ ಎಲ್ಲರಿಗೂ ತಕ್ಷಣ ಸರ್ಜರಿ ಬೇಕಿಲ್ಲ. 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗದಲ್ಲಿ ಫಿಸಿಯೋಥೆರಪಿಯಿಂದ ಶುರು ಮಾಡಿದ ಯುವಕ ಯುವತಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಎರಡು ವರ್ಷದ ತನಕ ಲಿಗಮೆಂಟ್ ಸರ್ಜರಿ ಇಲ್ಲದೇ ನಿಭಾಯಿಸಿದರು. ಪದೇ ಪದೇ ಮಂಡಿ ಕುಸಿಯುವವರಿಗೆ, ಗಕ್ಕನೆ ತಿರುಗುವ ಆಟಕ್ಕೆ ಮರಳುವವರಿಗೆ ಸರ್ಜರಿಯ ಅಗತ್ಯ ಹೆಚ್ಚು. ಹೊಸ ಪೆಟ್ಟನ್ನು ತಿಕ್ಕಿ, ಎಳೆದು ಕೂರಿಸುವ ಸಾಹಸ ಮಾತ್ರ ಯಾರೂ ಮಾಡಬಾರದು.

ಇನ್ನು ಸೊಂಟದ ಕೀಲು, ಅಂದರೆ ತೊಡೆಮೂಳೆ ಸೊಂಟಕ್ಕೆ ಕೂಡುವ ಜಾಗ. ಇದು ತನ್ನ ನೋವನ್ನು ಬೇರೆ ಕಡೆ ತೋರಿಸುತ್ತದೆ. ಕೀಲಿನೊಳಗಿನ ತೊಂದರೆ ಸಾಮಾನ್ಯವಾಗಿ ತೊಡೆಸಂದಿಯಲ್ಲಿ ನೋಯುತ್ತದೆ. ಪಕ್ಕಕ್ಕೆ ಮಲಗಿದಾಗ ಹೊರಬದಿ ನೋಯುತ್ತಿದ್ದರೆ ಹೆಚ್ಚಿನ ಸಲ ಪೃಷ್ಠದ ಸ್ನಾಯುರಜ್ಜು ಕೆರಳಿರುತ್ತದೆ. ಅದಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್‌ಗಿಂತ ಸರಿಯಾದ ವ್ಯಾಯಾಮ ಮೇಲು. ವಯಸ್ಸಾದವರು ಬಿದ್ದು, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ತೊಡೆಮೂಳೆಯ ಕತ್ತು ಮುರಿದಿರಬಹುದು. ಎಬ್ಬಿಸಿ ನಡೆಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಸೊಂಟಕ್ಕೆ ಹೋಗುವ ನರಗಳಲ್ಲೊಂದು ಮಂಡಿಗೂ ಕವಲೊಡೆಯುತ್ತದೆ. ಅದಕ್ಕೇ ಸೊಂಟ ಕೆಟ್ಟಾಗ ಮಿದುಳಿಗೆ ಮಂಡಿ ನೋಯುತ್ತಿದೆ ಅನ್ನಿಸಬಹುದು. ಹತ್ತರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಇದು ಅಪಾಯಕಾರಿ. ಕೆಲವರಲ್ಲಿ ತೊಡೆಮೂಳೆಯ ತಲೆ, ಮೂಳೆ ಉದ್ದವಾಗುವ ಮೆತ್ತನೆಯ ಬೆಳವಣಿಗೆಯ ಪಟ್ಟಿಯಲ್ಲಿ ಜಾರುತ್ತಿರುತ್ತದೆ. ಮಗು ಕುಂಟುತ್ತಾ ಮಂಡಿ ತೋರಿಸುತ್ತದೆ, ಮಂಡಿಯ ಎಕ್ಸ್‌ರೇ ಚೆನ್ನಾಗಿಯೇ ಬರುತ್ತದೆ. ಅಂಥ ಮಗುವಿನ ಸೊಂಟವನ್ನು ಅವತ್ತೇ ಪರೀಕ್ಷಿಸಬೇಕು, ಸೊಂಟದ ಎಕ್ಸ್‌ರೇ ತೆಗೆಸಬೇಕು. ಜಾರಿರುವುದು ಖಚಿತವಾದರೆ ಆ ಕಾಲಿನ ಮೇಲೆ ಭಾರ ಬಿಡದೆ, ಸ್ಕ್ರೂ ಹಾಕಿ ಅಲ್ಲೇ ನಿಲ್ಲಿಸುತ್ತಾರೆ.