ಅಮ್ಮನಿಗೆ ಕುಕ್ಕರ್ ಕೂಗು ಕೇಳುತ್ತೆ, ವಾಷಿಂಗ್ ಮೆಷಿನ್ ಬೀಪ್ ಯಾಕೆ ಕೇಳಲ್ಲ?

ಪ್ರಶ್ನೆ: ನಮ್ಮ ಅಮ್ಮನಿಗೆ 72 ವರ್ಷ. ಕುಕ್ಕರ್ ಕೂಗಿದರೆ ಹಿತ್ತಲಿನಿಂದಲೇ ಬರುತ್ತಾರೆ. ಆದರೆ ಪಕ್ಕದ ರೂಮಿನಲ್ಲಿ ವಾಷಿಂಗ್ ಮೆಷಿನ್ ಬೀಪ್ ಬೀಪ್ ಅಂದರೂ ಗೊತ್ತಾಗುವುದಿಲ್ಲ. ಗಮನ ಇಲ್ಲವಾ, ಕಿವಿ ಹೋಗಿದೆಯಾ?

ಮೊದಲಿಗೆ, ಅಮ್ಮನ ಮೇಲೆ ರೇಗಬೇಡಿ. ನೀವು ಹೇಳುತ್ತಿರುವುದು ಗಮನ ಇಲ್ಲದವರ ಲಕ್ಷಣ ಅಲ್ಲ. ವಯಸ್ಸಾದ ಹಾಗೆ ಕಿವಿ ಎಲ್ಲ ಸದ್ದನ್ನೂ ಒಂದೇ ಸಮ ಕಳೆದುಕೊಳ್ಳುವುದಿಲ್ಲ. ಕೀರಲು ಸದ್ದು ಮೊದಲು ಹೋಗುತ್ತದೆ. ದಪ್ಪ ಸದ್ದು ಬಹಳ ಕಾಲ ಉಳಿಯುತ್ತದೆ.

ಊಟಕ್ಕೆ ಕೂತಾಗ ಗಮನಿಸಿ. ನೀವು 'ಸಾಕು' ಅಂದರೂ ಅಮ್ಮ ಇನ್ನೊಂದು ಸೌಟು ಸಾರು ಬಡಿಸುತ್ತಾರಾ? ಅವರಿಗೆ 'ಹಾಕು' ಅಂತ ಕೇಳಿಸಿರಬಹುದು! 'ಆ', 'ಉ' ಸ್ವರಗಳಿಗೆ ಬಲ ಜಾಸ್ತಿ, ಅವು ಕಿವಿಗೆ ಮುಟ್ಟುತ್ತವೆ. 'ಸ' ಅನ್ನುವಾಗ ಹಲ್ಲಿನ ಸಂದಿಯಿಂದ ಬರುವ ಸುಯ್ ಸದ್ದು ಹೆಚ್ಚಾಗಿ 4,000 ಹರ್ಟ್ಸ್‌ಗೂ ಮೇಲೆ ಇರುತ್ತದೆ. (ಹರ್ಟ್ಸ್ ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕ, ಸಂಖ್ಯೆ ಹೆಚ್ಚಾದಷ್ಟೂ ಸದ್ದು ಕೀರಲು.) ಮೊದಲು ಮಾಯವಾಗುವುದು ಈ ಸುಯ್ ಸದ್ದೇ. ಕಿರುಚಿ ಹೇಳಿದರೂ ಜಾಸ್ತಿ ಉಪಯೋಗವಿಲ್ಲ, ಕಿರುಚಿದಾಗ ದೊಡ್ಡದಾಗುವುದು ಮುಖ್ಯವಾಗಿ ಸ್ವರವೇ.

ಈಗ ಬೀಪ್ ವಿಷಯ. ಇಂಥ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ನಾಣ್ಯದಷ್ಟಗಲದ ಒಂದು ತೆಳು ಬಿಲ್ಲೆ ಇರುತ್ತದೆ. ಅದೇ ಪೀಝೋ ಬಜರ್. ಬೆಲೆ ಕಮ್ಮಿ, ಕರೆಂಟೂ ಕಮ್ಮಿ ಸಾಕು. ಆದರೆ ಅದು ಜೋರಾಗಿ ಕೂಗುವುದು ಹೆಚ್ಚಾಗಿ 2,000ದಿಂದ 4,000 ಹರ್ಟ್ಸ್ ಒಳಗೆ. ಎಳೆಯರ ಕಿವಿ ತುಂಬ ಚುರುಕಾಗಿರುವುದೂ ಅಲ್ಲೇ. ಹಾಗಾಗಿ ನಿಮಗೆ ಚುಚ್ಚುವ ಬೀಪ್ ಅಮ್ಮನ ಕಿವಿಗೆ ಬೀಳುವುದೇ ಇಲ್ಲ. ಕುಕ್ಕರ್ ಹಾಗಲ್ಲ. ಆವಿ ನುಗ್ಗುವ ಸದ್ದಿನಲ್ಲಿ ದಪ್ಪ, ಕೀರಲು ಎಲ್ಲ ಬೆರೆತಿರುತ್ತವೆ. ಒಂದು ಭಾಗ ತಪ್ಪಿದರೆ ಇನ್ನೊಂದು ಕೇಳುತ್ತದೆ.

ಬಟ್ಟೆ ವಿಷಯಕ್ಕೆ ಇದು ಸಣ್ಣ ತೊಂದರೆ. ಬೆಂಕಿ ವಿಷಯಕ್ಕೆ ಪ್ರಾಣದ ಪ್ರಶ್ನೆ. ಮನೆಗಳಲ್ಲಿ ಹಾಕುವ ಹೊಗೆ ಅಲಾರಂಗಳು ಬಹಳ ಕಾಲ ಸುಮಾರು 3,100 ಹರ್ಟ್ಸ್‌ನಲ್ಲೇ ಕೂಗುತ್ತಿದ್ದವು. ಆಸ್ಟ್ರೇಲಿಯಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಡೊರೊತಿ ಬ್ರಕ್, ಇಯಾನ್ ಥಾಮಸ್ ಅವರು ಮಲಗಿದ್ದವರ ಮೇಲೆ ಬೇರೆ ಬೇರೆ ಸದ್ದು ಪರೀಕ್ಷಿಸಿದರು. ಕಿವಿ ಸ್ವಲ್ಪ ಮಂದವಾದವರನ್ನು ಎಬ್ಬಿಸಲು 520 ಹರ್ಟ್ಸ್‌ನ ದಪ್ಪ ಸದ್ದು ಎಷ್ಟೋ ಮೇಲು ಅಂತ ಗೊತ್ತಾಯಿತು. ಅದು 'ಸ್ಕ್ವೇರ್ ವೇವ್' ಸದ್ದು, ಅಂದರೆ 520ರ ಜೊತೆಗೆ 1,560, 2,600 ಹೀಗೆ ಮೇಲಿನ ಸದ್ದುಗಳೂ ಅದರಲ್ಲಿರುತ್ತವೆ. ಕುಕ್ಕರ್‌ನ ಹಾಗೇ ಅಲ್ವಾ, ಒಂದು ತಪ್ಪಿದರೆ ಇನ್ನೊಂದು. ಅಮೆರಿಕದ ಬೆಂಕಿ ಅಲಾರಂ ನಿಯಮಾವಳಿಯಲ್ಲಿ ಮಲಗುವ ಜಾಗಗಳಿಗೆ ಈ ಸದ್ದು ಸೇರಿತು. ಮಲಗಿದವರನ್ನೇ ಕೇಳಿ ಮಾಡಿದ ಬದಲಾವಣೆ ಇದು, ನನಗೆ ಬಹಳ ಇಷ್ಟವಾದ ಉದಾಹರಣೆ.

ಮನೆ ಸಾಮಾನಿನ ಬೀಪ್‌ಗಳಿಗೂ ನಿಯಮ ಉಂಟು. ಜಪಾನಿನವರು 2002ರಲ್ಲೇ ಮಾನದಂಡ ತಂದರು. ವಯಸ್ಸಾದವರಿಗೂ ಕೇಳಬೇಕಾದರೆ ಬೀಪ್ 2,500 ಹರ್ಟ್ಸ್ ದಾಟಬಾರದು ಅನ್ನುವುದು ಅದರ ಸಲಹೆ. ಆದರೂ ಕಿವಿ ಚುಚ್ಚುವ ಬೀಪ್‌ಗಳು ಅಂಗಡಿ ತುಂಬ ಇವೆ. ನನಗೆ ಇದು ಬೇಸರದ ಸಂಗತಿ, ಸರಿ ಮಾಡಲು ಬೇಕಾದ ವಿದ್ಯೆ ನಮ್ಮ ಕೈಯಲ್ಲೇ ಇದೆ.

ನೀವೇನು ಮಾಡಬಹುದು? ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. ಯಾವ ಸದ್ದು ಎಷ್ಟು ಕೇಳುತ್ತದೆ ಅಂತ ಗ್ರಾಫ್ ಕೊಡುತ್ತಾರೆ. ಮಾತಾಡುವಾಗ ಎದುರಿಗೆ ನಿಂತು ನಿಧಾನವಾಗಿ ಮಾತಾಡಿ, ತುಟಿ ಕಾಣಲಿ. ಬಟ್ಟೆ ಹಾಕಿದಾಗ ಅವರ ಫೋನಿನಲ್ಲಿ ಟೈಮರ್ ಇಡಿ, ದಪ್ಪ ದನಿಯ ರಿಂಗ್‌ಟೋನ್ ಹುಡುಕಿ, ವೈಬ್ರೇಷನ್ ಕೂಡ ಹಾಕಿ. ಮುಂದೆ ಮೆಷಿನ್ ಕೊಳ್ಳಲು ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಅವರನ್ನು ನಾಲ್ಕು ಹೆಜ್ಜೆ ದೂರ, ಬೆನ್ನು ತಿರುಗಿಸಿ ನಿಲ್ಲಿಸಿ ಬಟನ್ ಒತ್ತಿ. ಅವರು ತಿರುಗಿ ನೋಡಿದರೆ ಬಿಲ್ ಮಾಡಿಸಿ.